ಕ್ಯಾಸ್ಟರ್ ಬೋರ್ಡ್: ನಿಂತರೆ ಬೀಳುವ ಹಲಗೆ

ಎರಡು ಗಿಡ್ಡ ಹಲಗೆ, ಎರಡು ಚಕ್ರ, ನಡುವೆ ಒಂದು ದಂಡ: ಕ್ಯಾಸ್ಟರ್ ಬೋರ್ಡ್‌ನಲ್ಲಿ ಇರುವುದು ಇಷ್ಟೇ. ಹ್ಯಾಂಡಲ್ ಇಲ್ಲ, ಪೆಡಲ್ ಇಲ್ಲ, ಬ್ರೇಕ್ ಇಲ್ಲ. ಒಂದೊಂದು ಹಲಗೆಯ ಮೇಲೆ ಒಂದೊಂದು ಕಾಲಿಟ್ಟು, ಹೋಗುವ ದಿಕ್ಕಿಗೆ ಪಕ್ಕೆ ಕೊಟ್ಟು ನಿಂತು, ಸೊಂಟವನ್ನೂ ಪಾದವನ್ನೂ ಆಡಿಸುತ್ತ ಸಾಗುವುದೇ ಇದರ ಸವಾರಿ. ಮಾಮೂಲಿ ಸ್ಕೇಟ್‌ಬೋರ್ಡ್‌ನಲ್ಲಿ ಆಗಾಗ ಒಂದು ಕಾಲನ್ನು ನೆಲಕ್ಕೆ ಊರಿ ತಳ್ಳುತ್ತಿರಬೇಕು. ಇಲ್ಲಿ ಹಾಗಲ್ಲ. ಒಮ್ಮೆ ಹೊರಟ ಮೇಲೆ ಕಾಲು ನೆಲ ಮುಟ್ಟುವ ಅಗತ್ಯವೇ ಇರುವುದಿಲ್ಲ. ಸಣ್ಣ ಏರನ್ನೂ ಹಾಗೆಯೇ ಹತ್ತಬಹುದು. ಅಂಗಡಿಗಳಲ್ಲಿ ಇದನ್ನು ವೇವ್ ಬೋರ್ಡ್ ಎಂದೂ ಕರೆಯುತ್ತಾರೆ. ರಿಪ್‌ಸ್ಟಿಕ್ ಎಂಬುದು ಅಮೆರಿಕದ ರೇಜರ್ ಕಂಪನಿಯ ಮಾಲಿನ ಹೆಸರಾದರೂ ಎಲ್ಲ ಕಂಪನಿಗಳ ಬೋರ್ಡಿಗೂ ಆ ಹೆಸರು ಅಂಟಿಕೊಂಡಿದೆ. ಆನ್‌ಲೈನ್ ಅಂಗಡಿಗಳು ಬಂದ ಮೇಲೆ ಮಧುಗಿರಿಯಲ್ಲೋ ಪಾವಗಡದಲ್ಲೋ ಕುಳಿತು ಇದನ್ನು ತರಿಸಿಕೊಳ್ಳುವುದು ಕಷ್ಟವಲ್ಲ. ಹತ್ತಿಸಿ ಕಲಿಸುವವರು ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಸ್ಕೇಟಿಂಗ್ ತರಗತಿಗಳಿವೆ, ಬೆಳಗಾವಿ ರೋಲರ್ ಸ್ಕೇಟಿಂಗ್‌ಗೆ ಹೆಸರಾದ ಊರು. ತಾಲ್ಲೂಕು ಕೇಂದ್ರದ ಹುಡುಗ ಹುಡುಗಿಯರು ಹೆಚ್ಚಾಗಿ ತಮ್ಮಷ್ಟಕ್ಕೆ ತಾವೇ ಕಲಿಯಬೇಕು. ಹಾಗೆ ಕಲಿಯುವವರಿಗೆ ಹಲಗೆ ಹೇಗೆ ಓಡುತ್ತದೆ ಎಂಬ ತಿಳಿವಳಿಕೆಯೇ ಅರ್ಧ ಗುರು.

ಬೋರ್ಡನ್ನು ಬೋರಲು ಹಾಕಿ ನೋಡಿದರೆ ಅದರ ಗುಟ್ಟು ಕಾಣುತ್ತದೆ. ಎರಡು ಹಲಗೆಗಳನ್ನು ಜೋಡಿಸುವ ದಂಡದೊಳಗೆ ಗಟ್ಟಿ ಸ್ಪ್ರಿಂಗ್ ಇರುತ್ತದೆ. ಮುಂದಿನ ಹಲಗೆಯನ್ನು ಒಂದು ಕೈಯಲ್ಲಿ, ಹಿಂದಿನದನ್ನು ಇನ್ನೊಂದರಲ್ಲಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿದರೆ ದಂಡ ಸ್ವಲ್ಪ ತಿರುಗಿ, ಬಿಟ್ಟ ಕೂಡಲೇ ಮೊದಲಿನ ಸ್ಥಿತಿಗೆ ಬರುತ್ತದೆ. ಪ್ರತಿ ಹಲಗೆಯ ಅಡಿಯಲ್ಲಿ ಪಾಲಿಯುರೇಥೇನ್‌ನ ಒಂದೇ ಒಂದು ಚಕ್ರ. ಚಿರಪರಿಚಿತ ಮಾದರಿಗಳಲ್ಲಿ ಅದರ ವ್ಯಾಸ 76 ಮಿಲಿಮೀಟರ್. ಚಕ್ರ ಕೂತಿರುವುದು ಕ್ಯಾಸ್ಟರ್ ಎಂಬ ಕವಲಿನಲ್ಲಿ. ಆಫೀಸಿನ ಗಾಲಿ ಕುರ್ಚಿಯ ಕಾಲಿಗೂ, ಆಸ್ಪತ್ರೆಯ ಸ್ಟ್ರೆಚರ್‌ಗೂ ಇರುವುದು ಇಂಥದೇ ಕವಲು. ಸುತ್ತ ಎತ್ತ ಬೇಕಾದರೂ ತಿರುಗುತ್ತದೆ. ವ್ಯತ್ಯಾಸ ಒಂದೇ. ಕುರ್ಚಿಯ ಕ್ಯಾಸ್ಟರ್‌ನ ಕೀಲು ನೆಟ್ಟಗಿರುತ್ತದೆ, ಬೋರ್ಡಿನ ಕೀಲು ಸುಮಾರು 30 ಡಿಗ್ರಿ ಓರೆಯಾಗಿರುತ್ತದೆ. ಆಟವೆಲ್ಲ ನಿಂತಿರುವುದು ಈ ಓರೆಯ ಮೇಲೆ.

ಕೀಲು ಓರೆಯಾಗಿರುವುದರಿಂದ ಹಲಗೆಯನ್ನು ಯಾವ ಪಕ್ಕಕ್ಕೆ ವಾಲಿಸಿದರೂ ಅದರಡಿಯ ಚಕ್ರ ತಾನಾಗಿ ಆ ಪಕ್ಕಕ್ಕೆ ಮುಖ ತಿರುಗಿಸುತ್ತದೆ. ಚಕ್ರದ ಇನ್ನೊಂದು ಗುಣ ಎಲ್ಲರಿಗೂ ಗೊತ್ತಿರುವಂಥದೇ: ಅದು ಮುಖ ಮಾಡಿದ ದಿಕ್ಕಿಗೆ ಸಲೀಸಾಗಿ ಉರುಳುತ್ತದೆ, ಅಡ್ಡಕ್ಕೆ ಮಾತ್ರ ಜಾರುವುದಿಲ್ಲ. ಇವೆರಡನ್ನೂ ಕೂಡಿಸಿದರೆ ಚಲನೆ ಹುಟ್ಟುತ್ತದೆ. ಹಿಂದಿನ ಪಾದ ತನ್ನ ಹಲಗೆಯನ್ನು ಬಲಕ್ಕೆ ವಾಲಿಸಿ ಬಲಕ್ಕೆ ದೂಡಿತೆನ್ನಿ. ಚಕ್ರದ ಮುಖ ಆಗ ಮುಂದಕ್ಕೂ ಬಲಕ್ಕೂ ನಡುವೆ ಎಲ್ಲೋ ಇರುತ್ತದೆ. ನೇರ ಅಡ್ಡಕ್ಕೆ ಜಾರಲು ನೆಲದ ಘರ್ಷಣೆ ಬಿಡುವುದಿಲ್ಲ, ಆದ್ದರಿಂದ ಬಲಕ್ಕೆ ಹೋಗಬೇಕಾದರೆ ಚಕ್ರ ಮುಂದಕ್ಕೂ ಉರುಳಲೇಬೇಕು. ಮರುಕ್ಷಣ ಎಡಕ್ಕೆ ದೂಡಿದರೂ ಮತ್ತೆ ಮುಂದಕ್ಕೇ. ಹೀಗೆ ಎಡ ಬಲ ಎಂದು ಕಾಲು ಆಡಿಸಿದ್ದಷ್ಟೂ ಬೋರ್ಡು ಅಲೆಯಲೆಯಾಗಿ ಮುಂದೆ ಸಾಗುತ್ತದೆ. ಮೈಯ ಶಕ್ತಿಯನ್ನು ಓಟವಾಗಿ ಬದಲಿಸಿಕೊಡುವುದು ನೆಲದ ಹಿಡಿತ. ಒದ್ದೆಯಾದ ನುಣುಪು ಟೈಲ್ಸ್ ಮೇಲೆ ಎಷ್ಟು ಕುಣಿದರೂ ಬೋರ್ಡು ಮುಂದೆ ಹೋಗದಿರುವುದಕ್ಕೂ, ಸವಾರ ಜಾರಿ ಬೀಳುವುದಕ್ಕೂ ಕಾರಣ ಇದೇ ಹಿಡಿತ ತಪ್ಪುವುದು.

ಓಡುವುದೇನೋ ಸರಿ, ಎರಡೇ ಚಕ್ರದ ಮೇಲೆ ಬೀಳದೆ ಇರುವುದು ಹೇಗೆ? ಸೈಕಲ್‌ಗೂ ಇದೇ ಪ್ರಶ್ನೆ. ಸೈಕಲ್ ಬಲಕ್ಕೆ ವಾಲಿದಾಗ ಮುಂದಿನ ಚಕ್ರವೂ ಬಲಕ್ಕೆ ತಿರುಗಿ, ಬೀಳುತ್ತಿರುವ ಮೈಯ ಅಡಿಗೆ ಆಧಾರವನ್ನು ತಂದುಕೊಡುತ್ತದೆ. ತಿರುಗುವ ಗಾಲಿಯ ವೇಗವೇ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧದ ಸಂಶೋಧಕರು ಆ ಪರಿಣಾಮವನ್ನೂ, ಮುಂಚಕ್ರದ ಕ್ಯಾಸ್ಟರ್ ಗುಣವನ್ನೂ ತೆಗೆದುಹಾಕಿದ ಸೈಕಲ್ ಒಂದನ್ನು ಕಟ್ಟಿ, ಅದೂ ತನ್ನಷ್ಟಕ್ಕೆ ಬೀಳದೆ ಓಡಬಲ್ಲದು ಎಂದು ತೋರಿಸಿದರು. ಒಂದೇ ಕಾರಣವನ್ನು ಹಿಡಿದು ಹೇಳುವಷ್ಟು ಸರಳ ವಿಷಯ ಅದಲ್ಲ. ಆದರೂ ಬೀಳುವ ಕಡೆಗೇ ಚಕ್ರ ತಿರುಗುವುದು ಮುಖ್ಯ ಎಂಬುದರಲ್ಲಿ ಅನುಮಾನವಿಲ್ಲ. ಕ್ಯಾಸ್ಟರ್ ಬೋರ್ಡ್‌ನಲ್ಲಿ ಓರೆ ಕೀಲು ಈ ಕೆಲಸವನ್ನು ಎರಡೂ ಚಕ್ರಗಳಿಂದ ಮಾಡಿಸುತ್ತದೆ. ಚಕ್ರ ತಿರುಗಿ ಆಧಾರ ತರಬೇಕಾದರೆ ಬೋರ್ಡು ಚಲಿಸುತ್ತಿರಬೇಕು. ನಿಂತ ಬೋರ್ಡಿನ ಮೇಲೆ ಸಮತೋಲ ಸಾಧಿಸಲು ಹೆಣಗುವುದು ಅದಕ್ಕೇ ವ್ಯರ್ಥ. ಹೊಸಬರು ಮೊದಲ ದಿನ ಮಾಡುವುದು ಹೆಚ್ಚಾಗಿ ಅದನ್ನೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಹಳ್ಳಿಗಳ ಅದೆಷ್ಟೋ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಸ್ವಂತದ್ದೊಂದು ಸೈಕಲ್ ಕೊಟ್ಟಿತು. ಸೈಕಲ್ ತುಳಿಯಲು ಬಲ್ಲವರ ಮೈಗೆ ‘ಬೀಳುವ ಕಡೆಗೆ ತಿರುಗು’ ಎಂಬ ಪಾಠ ಆಗಲೇ ಇಳಿದಿರುತ್ತದೆ. ಬೋರ್ಡಿನ ಮೇಲೆ ಅದನ್ನು ಕೈಯ ಬದಲು ಪಾದದಿಂದ ಮಾಡಬೇಕು, ಅಷ್ಟೇ. ಸೈಕಲ್ಲೇ ಬಾರದ ಮಗುವಿಗೆ ಮೊದಲು ಸೈಕಲ್ ಕಲಿಸಿ, ಆಮೇಲೆ ಬೋರ್ಡು ಕೊಡುವುದು ಒಳ್ಳೆಯದು.

ಬೋರ್ಡಿನ ಚರಿತ್ರೆ ಉದ್ದದ್ದೇನಲ್ಲ. ಸ್ಕೇಟ್‌ಬೋರ್ಡ್‌ಗೆ 1970ರ ದಶಕದಲ್ಲಿ ಅಮೆರಿಕದ ಫ್ರಾಂಕ್ ನಾಸ್ವರ್ದಿ ಪಾಲಿಯುರೇಥೇನ್ ಚಕ್ರ ತಂದ ಮೇಲೆಯೇ ಒರಟು ನೆಲದಲ್ಲೂ ಹಿಡಿತ ಸಿಕ್ಕಿದ್ದು; ಅದಕ್ಕೆ ಮೊದಲು ಉಕ್ಕಿನ, ಜೇಡಿಮಣ್ಣಿನ ಗಾಲಿಗಳಿದ್ದವು. ಕರ್ನಾಟಕದ ಬೀದಿಗಳಲ್ಲಿ ಹುಡುಗರು ಗ್ಯಾರೇಜಿನಿಂದ ಹಳೆಯ ಬೇರಿಂಗ್ ತಂದು, ಮರದ ಹಲಗೆಗೆ ಹೊಡೆದು ಮಾಡಿಕೊಳ್ಳುತ್ತಿದ್ದ ಬೇರಿಂಗ್ ಗಾಡಿಯೂ ಉಕ್ಕಿನ ಗಾಲಿಯದೇ. ಅದರ ಕರ್ಕಶ ಸದ್ದು ಕೇಳಿದವರಿಗೆ ಉಕ್ಕಿಗೂ ಪಾಲಿಯುರೇಥೇನ್‌ಗೂ ಇರುವ ಅಂತರ ಹೇಳಬೇಕಾಗಿಲ್ಲ. ಕಾಲನ್ನು ನೆಲಕ್ಕೆ ಊರದೆ ಓಡುವ ಹಲಗೆಯ ಕಲ್ಪನೆಗೆ 1989ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಸ್ನೇಕ್‌ಬೋರ್ಡ್ ದಾರಿ ಮಾಡಿತು. ಅದಕ್ಕೆ ನಾಲ್ಕು ಚಕ್ರ, ಕಾಲಿಡುವ ಎರಡು ತಿರುಗು ತಟ್ಟೆ. ತಳ್ಳದೆಯೂ ಅದು ಓಡುವ ಬಗೆ ವಿಜ್ಞಾನಿಗಳನ್ನೂ ಸೆಳೆಯಿತು; 1994ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಸಂಶೋಧಕರು ಅದರ ಗಣಿತ ಬಿಡಿಸಿ ಪ್ರಬಂಧ ಬರೆದರು. ಎರಡೇ ಚಕ್ರದ ಕ್ಯಾಸ್ಟರ್ ಬೋರ್ಡ್ ಬಂದಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಸ್ಕೇಟ್‌ಬೋರ್ಡಿಂಗ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಕಾಲಿಟ್ಟಿತು. ಕ್ಯಾಸ್ಟರ್ ಬೋರ್ಡ್ ಮಾತ್ರ ಇನ್ನೂ ಬೀದಿಯ, ಅಂಗಳದ ಆಟವಾಗಿಯೇ ಉಳಿದಿದೆ. ಹಾಗಿರುವುದರಿಂದ ನಷ್ಟವೇನೂ ಇಲ್ಲ.

ಬೋರ್ಡು ಕೊಳ್ಳುವ ಮೊದಲು ನೋಡಬೇಕಾದದ್ದು ನೆಲ. 76 ಮಿಲಿಮೀಟರ್ ಚಕ್ರಕ್ಕೆ ಒಂದು ಕಡಲೆ ಗಾತ್ರದ ಜಲ್ಲಿಕಲ್ಲೂ ಅಡ್ಡಗೋಡೆಯೇ. ಚಕ್ರ ಥಟ್ಟನೆ ನಿಲ್ಲುತ್ತದೆ, ಮೈ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಿಮೆ, ಧೂಳು ಹೆಚ್ಚು. ಆಟದ ಮೈದಾನ ಎಂದರೆ ಬಹುಪಾಲು ಕೆಮ್ಮಣ್ಣಿನ ಬಯಲು. ಕಬಡ್ಡಿ, ವಾಲಿಬಾಲ್‌ಗೆ ಅದು ಸರಿ, ಬೋರ್ಡಿಗೆ ಆಗದು. ಕಲ್ಲಿನ ಸೀಮೆಯಾದ್ದರಿಂದ ಬಂಡೆಯ ಮೇಲೆ ಕಲಿಯಬಹುದೇ ಎಂಬ ಆಸೆ ಹುಟ್ಟಬಹುದು. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದು ಎಂದು ಹೆಸರಾದ ಮಧುಗಿರಿ ಬೆಟ್ಟದ ಮೈ ದೂರದಿಂದ ನುಣುಪಾಗಿ ಕಂಡರೂ ಹತ್ತಿರ ಹೋದರೆ ಬಿಸಿಲು ಮಳೆಗೆ ಸವೆದ ಗ್ರಾನೈಟ್‌ನ ಹರಳುಗಳು ಎದ್ದು ನಿಂತಿರುತ್ತವೆ. ಸಾಲದ್ದಕ್ಕೆ ಇಳಿಜಾರು. ಅದು ಹತ್ತುವವರ ಬೆಟ್ಟ, ಉರುಳುವವರದಲ್ಲ.

ಒಳ್ಳೆಯ ನೆಲ ಇಲ್ಲವೆಂದಲ್ಲ, ಹುಡುಕಬೇಕು. ಶಾಲೆಗಳಲ್ಲಿ ಪ್ರಾರ್ಥನೆಗೆ ನಿಲ್ಲುವ ಸಿಮೆಂಟ್ ಅಂಗಳ, ಸಮುದಾಯ ಭವನದ ಮುಂದಿನ ಕಾಂಕ್ರೀಟ್ ಜಾಗ, ಹೊಲದ ಬದಿಯ ಸಿಮೆಂಟ್ ಒಕ್ಕಣೆ ಕಣ, ವಹಿವಾಟು ಇಲ್ಲದ ಹೊತ್ತಿನ ಎಪಿಎಂಸಿ ಪ್ರಾಂಗಣ ಇವೆಲ್ಲ ಒದಗುತ್ತವೆ. ಕೇಳಿ ಅನುಮತಿ ಪಡೆದರೆ ಮುಗಿಯಿತು. ಪ್ರಾಂಗಣದ ಎತ್ತರದ ಹರಾಜು ಕಟ್ಟೆಗಳ ಮೇಲೆ ಮಾತ್ರ ಬೇಡ. ಅಂಚಿನಿಂದಾಚೆ ಬಿದ್ದರೆ ಮೊಣಕೈ ತರಚುವುದರಲ್ಲಿ ಮುಗಿಯುವುದಿಲ್ಲ. ದೇವಸ್ಥಾನ, ಬಸ್ ನಿಲ್ದಾಣಗಳ ಮುಂದೆ ಈಗ ಹಾಸುತ್ತಿರುವ ಇಂಟರ್‌ಲಾಕ್ ಟೈಲ್ಸ್ ಕಣ್ಣಿಗೆ ಸಪಾಟಾಗಿ ಕಂಡರೂ ಸಂದುಗಳ ಮೇಲೆ ಚಕ್ರ ಗಡಗಡ ಎನ್ನುತ್ತ ಬೇಗ ವೇಗ ಕಳೆದುಕೊಳ್ಳುತ್ತದೆ. ಹೊಸದಾಗಿ ಡಾಂಬರು ಹಾಕಿದ ಒಳರಸ್ತೆ ಚೆನ್ನ, ಆದರೆ ಸುಗ್ಗಿಯಲ್ಲಿ ಅದು ರಸ್ತೆಯಾಗಿ ಉಳಿಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾಗಿ ತೆನೆ, ಹುರುಳಿ ಹೊರೆಗಳನ್ನು ಡಾಂಬರಿನ ಮೇಲೆ ಹರಡಿ ಲಾರಿ, ಬಸ್ಸುಗಳ ಗಾಲಿಗೆ ಒಕ್ಕಣೆ ಒಪ್ಪಿಸುವುದು ಈ ಕಡೆಯ ರೂಢಿ. ಹೊರೆ ತೆಗೆದ ಮೇಲೂ ಉಳಿಯುವ ಹುರುಳಿ ಕಾಳು ಚಕ್ರದಡಿ ಸಿಕ್ಕಿದರೆ ಜಾರುತ್ತದೆ, ರಾಗಿ ಹುಲ್ಲಿನ ಎಳೆ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಕಲಿಯುವ ಮೊದಲು ಹತ್ತಿಪ್ಪತ್ತು ಅಡಿ ನೆಲವನ್ನು ಪೊರಕೆಯಿಂದ ಗುಡಿಸಿಕೊಳ್ಳುವುದು ದುಬಾರಿ ಬೋರ್ಡು ಕೊಳ್ಳುವುದಕ್ಕಿಂತ ಹೆಚ್ಚು ಉಪಯೋಗ. ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ಶಿರಾದಂಥ ಊರಲ್ಲಿ ಸರ್ವಿಸ್ ರಸ್ತೆ ಎಷ್ಟೇ ನುಣುಪಾಗಿದ್ದರೂ ಅದನ್ನು ಮರೆತುಬಿಡಬೇಕು. ವಾಹನ ಓಡಾಡುವ ಯಾವ ರಸ್ತೆಯೂ ಈ ಆಟದ ಜಾಗವಲ್ಲ.

ಹೊತ್ತೂ ಮುಖ್ಯ. ಶಾಲೆಗೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆ ಬೇಸಿಗೆಯ ಮಧ್ಯಾಹ್ನ ಪಾವಗಡ, ಶಿರಾ ಕಡೆಯ ಡಾಂಬರು, ಸಿಮೆಂಟ್ ಕೈ ಊರಲಾಗದಷ್ಟು ಕಾದಿರುತ್ತವೆ, ಬಿದ್ದರೆ ತರಚು ಗಾಯದ ಜೊತೆ ಸುಡುವುದೂ ಸೇರುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ ಐದರ ಮೇಲೆ ಸರಿಯಾದ ಸಮಯ.

ಮೈಗೆ ಬೇಕಾದ ಸಾಮಾನು ನಾಲ್ಕೇ: ಹೆಲ್ಮೆಟ್, ಮಣಿಕಟ್ಟಿನ ಕವಚ, ಮೊಣಕೈ ಮತ್ತು ಮೊಣಕಾಲಿನ ಪ್ಯಾಡ್. ಎಲ್ಲವನ್ನೂ ಕೊಳ್ಳಲಾಗದಿದ್ದರೆ ಹೆಲ್ಮೆಟ್ ಮೊದಲು, ಮಣಿಕಟ್ಟಿನದು ನಂತರ. ಬೀಳುವಾಗ ಮನುಷ್ಯ ತನಗರಿವಿಲ್ಲದೆ ಅಂಗೈ ಚಾಚುತ್ತಾನೆ. ಇಡೀ ಮೈಯ ಭಾರ ಮಣಿಕಟ್ಟಿನ ಮೇಲೆ ಬಿದ್ದು ಮುಂಗೈ ಮೂಳೆ ಅಲ್ಲಿಯೇ ಮುರಿಯುವುದು ಸ್ಕೇಟಿಂಗ್‌ನಂಥ ಆಟಗಳಲ್ಲಿ ತೀರ ಸಾಮಾನ್ಯ. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಇರುವುದರಿಂದ ಅಲ್ಲಿನ ಪೆಟ್ಟನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೈ ಊದಿಕೊಂಡಿದ್ದರೆ ಎಣ್ಣೆ ಹಚ್ಚಿ ನೀವುವುದೂ ಬೇಡ, ನೇರವಾಗಿ ಪುತ್ತೂರು ಕಟ್ಟು ಕಟ್ಟಿಸಲು ಓಡುವುದೂ ಬೇಡ. ಮೊದಲು ಆಸ್ಪತ್ರೆಯಲ್ಲಿ ಎಕ್ಸ್‌–ರೇ ಆಗಲಿ. ಕಾಲಿಗೆ ಅಡಿ ಸಪಾಟಾದ ಕ್ಯಾನ್ವಾಸ್ ಶೂ ಒಳ್ಳೆಯದು. ಹವಾಯಿ ಚಪ್ಪಲಿ ಪಾದದಿಂದ ಕಳಚಿ ಚಕ್ರದ ಮುಂದೆಯೇ ಬೀಳುತ್ತದೆ. ದಪ್ಪ ಅಡಿಯ ಸ್ಪೋರ್ಟ್ಸ್ ಶೂ ಹಾಕಿದರೆ ಹಲಗೆಯ ಸಣ್ಣ ವಾಲಾಟ ಪಾದಕ್ಕೆ ತಿಳಿಯುವುದಿಲ್ಲ.

ಕಲಿಕೆ ಶುರುವಾಗುವುದು ಯಾವ ಕಾಲು ಮುಂದೆ ಎಂಬ ನಿರ್ಧಾರದಿಂದ. ಹೇಳದೆ ಕೇಳದೆ ಹಿಂದಿನಿಂದ ಮೆಲ್ಲನೆ ದೂಡಿದರೆ ಆಸರೆಗೆಂದು ಯಾವ ಕಾಲು ಮುಂದೆ ಬರುವುದೋ ಅದನ್ನು ಮುಂದಿಡಿ ಎನ್ನುವುದು ಒಂದು ಉಪಾಯ. ಎರಡೂ ರೀತಿ ನಿಂತು ನೋಡಿ, ಹೊಂದಿದ್ದನ್ನು ಆರಿಸಿಕೊಳ್ಳುವುದು ಇನ್ನೂ ಸುಲಭ. ಬಲಗೈಯವರೆಲ್ಲ ಎಡಗಾಲನ್ನೇ ಮುಂದಿಡಬೇಕೆಂಬ ನಿಯಮವೇನಿಲ್ಲ. ಆಮೇಲೆ ಕಿಟಕಿಯ ಸರಳನ್ನೋ, ಗೇಟನ್ನೋ, ಅಣ್ಣನ ಇಲ್ಲವೇ ಅಕ್ಕನ ಎರಡೂ ಕೈಗಳನ್ನೋ ಹಿಡಿದು ಬೋರ್ಡಿನ ಮೇಲೆ ಸುಮ್ಮನೆ ನಿಲ್ಲಬೇಕು. ಪಾದಗಳು ಬೋರ್ಡಿಗೆ ಅಡ್ಡವಾಗಿ, ಹಲಗೆಯ ನಟ್ಟನಡುವೆ ಇರಲಿ. ಪಾದದ ಉಬ್ಬು ಮತ್ತು ಹಿಮ್ಮಡಿ ಎರಡೂ ಹಲಗೆಯ ಅಂಚಿಗೆ ಸಮದೂರದಲ್ಲಿದ್ದರೆ ವಾಲಾಟ ಎರಡೂ ಕಡೆಗೆ ಒಂದೇ ಸಮ ಬರುತ್ತದೆ. ಹಿಮ್ಮಡಿ ಹೊರಗೆ ಚಾಚಿಕೊಂಡಿದ್ದರೆ ಬೋರ್ಡು ಸದಾ ಬೆನ್ನಿನ ಕಡೆಗೇ ಎಳೆಯುತ್ತದೆ. ಈ ಅಭ್ಯಾಸದ ಗುರಿ ಸಮತೋಲವಲ್ಲ. ಬೆರಳ ಮೇಲೆ ಭಾರ ಹಾಕಿದರೆ ಹಲಗೆ ಎತ್ತ ವಾಲುತ್ತದೆ, ಹಿಮ್ಮಡಿಯ ಮೇಲೆ ಹಾಕಿದರೆ ಎತ್ತ, ಒಂದೊಂದು ಕಾಲನ್ನು ಬೇರೆ ಬೇರೆ ಕಡೆಗೆ ವಾಲಿಸಿದರೆ ನಡುವಿನ ದಂಡ ಎಷ್ಟು ತಿರುಚಿಕೊಳ್ಳುತ್ತದೆ ಎಂಬ ಪರಿಚಯ ಪಾದಕ್ಕೆ ಆಗಬೇಕು. ಸ್ವಲ್ಪ ಹೊತ್ತು ಸಾಕು. ಕಂಬ ಹಿಡಿದು ನಿಲ್ಲುವುದೇ ಅಭ್ಯಾಸವಾದರೆ ಕೈ ಬಿಡಲು ಭಯ ಬೆಳೆಯುತ್ತದೆ.

ಹೊರಡುವ ಗಳಿಗೆಯೇ ಎಲ್ಲಕ್ಕಿಂತ ಕಷ್ಟದ್ದು. ಬೋರ್ಡನ್ನು ಹೋಗುವ ದಿಕ್ಕಿಗೆ ನೇರ ಇಟ್ಟು, ಎರಡೂ ಚಕ್ರಗಳು ಹಿಂದಕ್ಕೆ ವಾಲಿ ಕೂತಿವೆಯೇ ಎಂದು ನೋಡಿಕೊಳ್ಳಬೇಕು. ಮುಂದಿನ ಪಾದವನ್ನು ಅದರ ಹಲಗೆಯ ಮೇಲಿಟ್ಟಾಗ ಬೋರ್ಡು ಒಂದು ಪಕ್ಕಕ್ಕೆ ಒರಗುತ್ತದೆ, ಒರಗಲಿ. ಹಿಂದಿನ ಕಾಲಿನಿಂದ ನೆಲವನ್ನು ಒಮ್ಮೆ ಗಟ್ಟಿಯಾಗಿ ಒದ್ದು, ಬೋರ್ಡು ಉರುಳುತ್ತಿರುವಾಗಲೇ ಆ ಕಾಲನ್ನು ಎತ್ತಿ ಹಿಂದಿನ ಹಲಗೆಯ ನಡುವೆ ಇಡಬೇಕು. ಹೆದರಿಕೆಯಿಂದ ಒದೆತ ಸಣ್ಣದಾಗುವುದೇ ಇಲ್ಲಿ ತೊಡಕು. ಒದೆತ ಸಣ್ಣದಾದರೆ ವೇಗವಿಲ್ಲ, ವೇಗವಿಲ್ಲದಿದ್ದರೆ ಚಕ್ರಗಳು ನೆರವಿಗೆ ಬರುವುದಿಲ್ಲ, ಬೋರ್ಡು ಪಕ್ಕಕ್ಕೆ ಮಗುಚುತ್ತದೆ. ಜೋರು ನಡಿಗೆಯಷ್ಟು ವೇಗ ಬೇಕು. ಕಾಲು ಇಟ್ಟ ಮೇಲೆ ಮಂಡಿ ತುಸು ಮಡಚಿ, ಕಣ್ಣು ಹತ್ತಡಿ ಮುಂದಿನ ನೆಲದ ಮೇಲಿರಲಿ. ಪಾದವನ್ನೇ ನೋಡುತ್ತಿದ್ದರೆ ತಲೆಯ ಭಾರ ಮುಂದೆ ಬಾಗಿ ಬೆರಳ ಕಡೆಗೆ ಹಲಗೆ ವಾಲುತ್ತದೆ, ಬೋರ್ಡು ಆ ಕಡೆಗೇ ಸುತ್ತುತ್ತದೆ. ಮೊದಲ ಕೆಲವು ಸಲ ಕಾಲು ಆಡಿಸುವ ಗೋಜಿಗೆ ಹೋಗದೆ, ಒದೆತ ಕೊಟ್ಟಷ್ಟು ದೂರ ಉರುಳಿ ಇಳಿಯುವುದನ್ನೇ ಮಾಡುವುದು ಜಾಣತನ.

ಉರುಳುವ ಧೈರ್ಯ ಬಂದ ಮೇಲೆ ಹಿಂದಿನ ಪಾದದ ಕೆಲಸ. ಹೊಲಿಗೆ ಯಂತ್ರದ ಪೆಡಲನ್ನು ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ ಎಂದು ತುಳಿಯುವಂತೆಯೇ ಹಿಂದಿನ ಹಲಗೆಯನ್ನು ಆಡಿಸಬೇಕು. ಪಾದ ಅಡ್ಡ ಇರುವುದರಿಂದ ಅದು ಹಲಗೆಗೆ ಎಡ ಬಲದ ವಾಲಾಟವಾಗುತ್ತದೆ. ಹೊಲಿಗೆಯಲ್ಲಿ ಕೆಲಸ ಪಾದಕ್ಕಷ್ಟೇ, ಇಲ್ಲಿ ಸೊಂಟವೂ ಜೊತೆಗೂಡಿ ಹಲಗೆಯನ್ನು ಆಚೆ ಈಚೆ ಸರಿಸಬೇಕು. ಮುಂದಿನ ಪಾದ ಆಗ ಸುಮ್ಮನಿದ್ದು ದಿಕ್ಕನ್ನಷ್ಟೇ ನೋಡಿಕೊಳ್ಳಲಿ. ಅಲೆ ದೊಡ್ಡದಾಗಿ, ನಿಧಾನವಾಗಿ ಇರಲಿ. ಗಾಬರಿಯಿಂದ ಪಟಪಟನೆ ಅಲುಗಾಡಿಸಿದರೆ ಒಂದು ದೂಡಿಕೆ ಮುಗಿಯುವ ಮೊದಲೇ ಇನ್ನೊಂದು ಅದನ್ನು ಅಳಿಸಿಹಾಕುತ್ತದೆ, ಬೋರ್ಡು ನಡುಗುತ್ತದೆಯೇ ಹೊರತು ಸಾಗುವುದಿಲ್ಲ. ಸರಿಯಾದ ಲಯ ಸಿಕ್ಕಿದ್ದು ಕಿವಿಗೂ ಗೊತ್ತಾಗುತ್ತದೆ: ಸಿಮೆಂಟಿನ ಮೇಲೆ ಚಕ್ರದ ಸದ್ದು ಪ್ರತಿ ದೂಡಿಕೆಗೂ ಏರಿ ಇಳಿಯುತ್ತದೆ. ಅಲ್ಲಿಂದ ಮುಂದೆ ಭುಜಗಳು ಸೊಂಟಕ್ಕೆ ಎದುರಾಗಿ ತಿರುಗುವುದನ್ನು ಮೈ ತಾನೇ ಕಂಡುಕೊಳ್ಳುತ್ತದೆ. ಭುಜ ಸೊಂಟ ಎಲ್ಲವನ್ನೂ ಒಟ್ಟಿಗೆ ಒಂದೇ ಕಡೆ ತಿರುಗಿಸಿದರೆ ಬಲ ಹುಟ್ಟುವುದಿಲ್ಲ. ಕೆಲವು ಮಕ್ಕಳಿಗೆ ಇದು ಒಂದೇ ಸಂಜೆಯಲ್ಲಿ ಹಿಡಿಯುತ್ತದೆ, ಕೆಲವರಿಗೆ ವಾರವಾಗುತ್ತದೆ. ದೊಡ್ಡವರು ನಿಧಾನ, ಬೀಳುವ ಭಯಕ್ಕೆ ಮಂಡಿಯನ್ನು ಮರದಂತೆ ಸೆಟೆಸಿಕೊಳ್ಳುವುದು ಅವರ ಅಭ್ಯಾಸ.

ತಿರುವು ತೆಗೆಯುವುದರಲ್ಲಿ ಹೊಸಬರಿಗೆ ಒಂದು ಗೊಂದಲ ಕಾದಿರುತ್ತದೆ. ಎರಡೂ ಪಾದಗಳನ್ನು ಬೆರಳ ಕಡೆಗೆ ಒಂದೇ ಸಮನೆ ಒತ್ತಿದರೆ ಎರಡೂ ಚಕ್ರ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಬೋರ್ಡು ತಿರುಗುವ ಬದಲು ಮೂತಿ ನೇರವಿಟ್ಟುಕೊಂಡೇ ಓರೆಯಾಗಿ ಪಕ್ಕಕ್ಕೆ ಸರಿಯುತ್ತದೆ. ನಿಜವಾಗಿ ತಿರುಗಬೇಕಾದರೆ ಮುಂದಿನ ಹಲಗೆ ಹೆಚ್ಚು ವಾಲಬೇಕು, ಹಿಂದಿನದು ಕಡಿಮೆ. ತೀರ ಬಿಗಿ ತಿರುವಿಗೆ ಹಿಂದಿನದು ವಿರುದ್ಧ ಕಡೆಗೇ ವಾಲಬೇಕು. ಮುಂದಿನ ಪಾದದ ಬೆರಳು ಒತ್ತಿ, ಹಿಂದಿನ ಪಾದದ ಹಿಮ್ಮಡಿ ಒತ್ತಿದರೆ ಬೋರ್ಡು ಎದೆಯ ಕಡೆಗೆ ಸುತ್ತು ಹಾಕುತ್ತದೆ. ಅದಲು ಬದಲು ಮಾಡಿದರೆ ಬೆನ್ನಿನ ಕಡೆಗೆ. ಬೆನ್ನಿನ ಕಡೆಯ ತಿರುವು ಕಣ್ಣಿಗೆ ಕಾಣದ ಕಡೆಗೆ ಹೋಗುವುದಾದ್ದರಿಂದ ತಡವಾಗಿ ಬರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟರ ಆಕಾರ ಬರೆದುಕೊಂಡು ಅದರ ಮೇಲೆ ಓಡಿದರೆ ಎರಡೂ ತಿರುವು ಸಮನಾಗಿ ಪಳಗುತ್ತವೆ.

ನಿಲ್ಲಿಸುವುದನ್ನು ಓಡಿಸುವುದಕ್ಕಿಂತ ಮೊದಲೇ ಕಲಿಯುವುದು ಕ್ಷೇಮ. ಬ್ರೇಕ್ ಇಲ್ಲದ ಬೋರ್ಡನ್ನು ನಿಲ್ಲಿಸುವುದೆಂದರೆ ಕಾಲಾಡಿಸುವುದನ್ನು ಬಿಟ್ಟು, ವೇಗ ನಡಿಗೆಯ ಮಟ್ಟಕ್ಕೆ ಇಳಿಯುವವರೆಗೆ ಕಾದು, ಹೋಗುತ್ತಿರುವ ದಿಕ್ಕಿಗೇ ಇಳಿದು ಎರಡು ಹೆಜ್ಜೆ ಓಡುವುದು. ಹಿಂದಕ್ಕೆ ಇಳಿದರೆ ಬೋರ್ಡು ಮುಂದೆ ಚಿಮ್ಮಿ ಯಾರ ಕಾಲಿಗೋ ಬಡಿಯುತ್ತದೆ, ಸವಾರ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಗುವ ಅಪಾಯವೂ ಇದೆ. ಜಾಗ ಕಡಿಮೆಯಿದ್ದರೆ ಬಿಗಿ ಸುತ್ತು ಹಾಕಿ ವೇಗ ಕೊಲ್ಲಬಹುದು. ಬೀಳುವುದು ತಪ್ಪದು ಎಂದಾದಾಗ ಕೈಯನ್ನು ಕೋಲಿನಂತೆ ಚಾಚದೆ, ಮೈ ಮುದುಡಿ, ತೋಳು ಮತ್ತು ಭುಜದ ಮೇಲೆ ಉರುಳಬೇಕು. ಇದನ್ನು ಹುಲ್ಲಿನ ಮೇಲೆ ಬೋರ್ಡಿಲ್ಲದೆ ಅಭ್ಯಾಸ ಮಾಡಬಹುದು. ಕಬಡ್ಡಿ ಆಡಿದ ಮಕ್ಕಳಿಗೆ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಸಪಾಟು ನೆಲದಲ್ಲಿ ಸಲೀಸಾದ ಮೇಲೆ ಏರಿಗೆ ಹೋಗಬಹುದು. ಏರಿನಲ್ಲಿ ಅಲೆ ಚಿಕ್ಕದಾಗಿ, ಬಿರುಸಾಗಿ ಇರಬೇಕು. ತೊಡೆ ಮತ್ತು ಹೊಟ್ಟೆಯ ಸ್ನಾಯುಗಳು ಬಹಳ ಬೇಗ ಸೋಲುತ್ತವೆ. ಇಳಿಜಾರು ಬೇರೆ ಮಾತು. ಅಲ್ಲಿ ವೇಗ ಹೆಚ್ಚುತ್ತ ಹೋದಂತೆ ಸ್ವತಂತ್ರವಾಗಿ ತಿರುಗುವ ಎರಡು ಚಕ್ರಗಳು ನಡುಗಲು ಶುರುವಾಗುತ್ತವೆ. ಬ್ರೇಕ್ ಇಲ್ಲ, ಇಳಿದು ಓಡಲು ಸಾಧ್ಯವಾಗುವ ವೇಗವೂ ಅದಲ್ಲ. ಕೊರಟಗೆರೆ ಕಡೆಯ ಬೆಟ್ಟದ ರಸ್ತೆಗಳಂಥವನ್ನು ನುರಿತವರೂ ಈ ಬೋರ್ಡಿನಲ್ಲಿ ಇಳಿಯಬಾರದು. ಉದ್ದ ಇಳಿಜಾರಿಗಾಗಿಯೇ ಮಾಡಿದ ನಾಲ್ಕು ಚಕ್ರದ ಲಾಂಗ್‌ಬೋರ್ಡ್‌ಗಳು ಬೇರೆ ಇವೆ.

ಕೊಳ್ಳುವಾಗ ಬೆಳಕು ಬೀರುವ ಚಕ್ರಕ್ಕೆ ಮರುಳಾಗದೆ ಮೂರು ವಿಷಯ ನೋಡಬೇಕು. ತೂಕದ ಮಿತಿ ಒಂದು. ರಿಪ್‌ಸ್ಟಿಕ್‌ನ ಮೂಲ ಮಾದರಿಗೆ ಅದು 100 ಕಿಲೊ, ವಯಸ್ಸು ಎಂಟು ದಾಟಿರಬೇಕು. ಅಗ್ಗದ ಬೋರ್ಡುಗಳ ಮಿತಿ ಬಹಳ ಕಡಿಮೆ ಇರುತ್ತದೆ. ಎರಡನೆಯದು ನಡುದಂಡದ ಬಿಗಿ: ಹಗುರ ಮೈಯ ಮಗುವಿಗೆ ತೀರ ಗಟ್ಟಿ ಸ್ಪ್ರಿಂಗ್ ತಿರುಚಲಾಗುವುದಿಲ್ಲ, ಆಗ ಕಲಿಯಲಾಗದ ತಪ್ಪು ಮಗುವಿನ ತಲೆಗೆ ಬರುತ್ತದೆ. ಮೂರನೆಯದು ಕ್ಯಾಸ್ಟರ್‌ನ ಕೀಲು. ಬೋರ್ಡನ್ನು ಬೋರಲು ಹಾಕಿ ಕವಲನ್ನು ಬೆರಳಿನಿಂದ ತಿರುಗಿಸಿದರೆ ಎಲ್ಲೂ ಹಿಡಿಯದೆ ಸುತ್ತಬೇಕು, ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನಬಾರದು.

ಈ ಸೀಮೆಯ ಧೂಳಿಗೆ ಬೋರ್ಡಿನ ಆರೈಕೆ ತುಸು ಹೆಚ್ಚೇ ಬೇಕು. ಆಟ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಅಚ್ಚಿಗೆ ಸುತ್ತಿದ ಕೂದಲು, ನೂಲು, ಹುಲ್ಲನ್ನು ಕಿತ್ತು ತೆಗೆಯಬೇಕು. ಕವಲಿನ ಬೋಲ್ಟ್ ಸಡಿಲವಾಗಿದೆಯೇ ಎಂದು ವಾರಕ್ಕೊಮ್ಮೆ ಪಾನಾ ಹಾಕಿ ನೋಡಬೇಕು. ಒದ್ದೆಯಾದರೆ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ, ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ತೊಟ್ಟು ಬಿಡಬಹುದು. ಹೆಚ್ಚು ಬಿಟ್ಟರೆ ಎಣ್ಣೆಗೆ ಧೂಳು ಅಂಟಿ ಕೆಸರಾಗುತ್ತದೆ. ಚಕ್ರ ಕರಕರ ಎನ್ನತೊಡಗಿದರೆ ಇಡೀ ಬೋರ್ಡನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಸಾಮಾನ್ಯವಾಗಿ ಇವಕ್ಕೆ ಹಾಕುವುದು 608 ಎಂಬ ಅಳತೆಯ ಬೇರಿಂಗ್: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿಲಿಮೀಟರ್. ಅದು ಸಣ್ಣ ಯಂತ್ರಗಳಲ್ಲೂ ಬಳಕೆಯಾಗುವ ಅಳತೆ, ಬೇರಿಂಗ್ ಮಾರುವ ಅಂಗಡಿಯಲ್ಲಿ ಅಂಕಿ ಹೇಳಿದರೆ ತೆಗೆದುಕೊಡುತ್ತಾರೆ. ಒಂದು ಚಕ್ರಕ್ಕೆ ಎರಡು, ಬೋರ್ಡಿಗೆ ನಾಲ್ಕು ಬೇಕು. ಚಕ್ರದ ಪಾಲಿಯುರೇಥೇನ್ ಒಂದೇ ಪಕ್ಕ ಸವೆದಿದ್ದರೆ ಬಿಚ್ಚಿ ಮಗುಚಿ ಹಾಕಬಹುದು. ಮಧ್ಯಕ್ಕೆ ಸಪಾಟಾಗಿ ಸವೆದಿದ್ದರೆ ಚಕ್ರವನ್ನೇ ಬದಲಿಸಬೇಕು.